ಫಿಲ್ಟರಿನಲ್ಲಿ ಮಿನುಗಿದ್ದು

ಅಕ್ಟೋಬರ್ 9, ಗುರುವಾರ

ಇಪ್ಪತ್ತೈದು ಗಂಟೆ ಹಾರಾಟ ಮುಗಿಯಿತು, ಟ್ರೈನರ್ ವಿಮಾನದ ಆಯಿಲ್ ಬದಲಿಸಿದೆ. ಲೋಹದ ಚೂರು ಸಿಕ್ಕಿದೆಯೇ ನೋಡಲು ಹಳೇ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದ ಬಿಡಿಸಿದರೆ ಅಲ್ಲಲ್ಲಿ ಮಿಣಮಿಣ. ನಗು ಬಂತು. ಆಯುಧಪೂಜೆಯ ದಿನ ಇಂಜಿನ್ನಿಗೆ ಪ್ಲಾಸ್ಟಿಕ್ ಜರಿಯ ಹಾರ ಹಾಕಿ, ಅದನ್ನು ತೆಗೆಯದೆಯೇ ಮುಚ್ಚಳ ಬಿಚ್ಚಿ ಆಯಿಲ್ ಸುರಿದಿದ್ದೆವು. ಚೂರು ಒಳಗೆ ಬಿದ್ದಿದೆ, ಅಷ್ಟೇ. ಲಾಗ್‌ಬುಕ್‌ನಲ್ಲಿ ‘ಲೋಹ ಇಲ್ಲ’ ಎಂದು ಬರೆದು ಸೈನ್ ಹಾಕಿದೆ. ಏರ್‌ಫೀಲ್ಡಿನಿಂದ ಪದ್ಮನಾಭನಗರದ ಮನೆ ಸೇರುವಷ್ಟರಲ್ಲಿ ಎಂಟು. ಈ ಟ್ರಾಫಿಕ್ಕಿಗಿಷ್ಟು ಬೆಂಕಿ ಹಾಕ!

ನವೆಂಬರ್ 18, ಮಂಗಳವಾರ

ಮತ್ತೆ ಇಪ್ಪತ್ತೈದು ಗಂಟೆ, ಮತ್ತೆ ಮಿಣಮಿಣ. ಹೊಸ ಆಯಿಲ್, ಹೊಸ ಫಿಲ್ಟರ್. ನಡುವೆ ಪೂಜೆ ಇಲ್ಲ, ಹಾರ ಇಲ್ಲ... ಕಾಗದ ಡಬ್ಬಿಗೆ ಹಾಕಿ ಮನೆಗೆ ತಂದೆ.

ಸಂಜೆ 7.15

ಚೂರುಗಳನ್ನು ತೊಳೆದು ಒಣಗಿಸಿ, ಸೌಟಿನಲ್ಲಿಟ್ಟು ಸ್ಟೌ ಮೇಲೆ ಹಿಡಿದೆ. ಜರಿಯಾಗಿದ್ದರೆ ಮುದುಡಿ ಕರಗಬೇಕು. ಕರಗಲಿಲ್ಲ. ಮ್ಯಾಗ್ನೆಟ್ ಹಿಡಿದೆ — ಒಂದೊಂದೂ ಹಾರಿ ಅಂಟಿಕೊಂಡಿತು. ಸ್ಟೀಲ್.

“ನನ್ನ ಸಾರಿನ ಸೌಟೇ ಬೇಕಿತ್ತಾ ನಿಂಗೆ?” ಅತ್ತೆ ಪಾರ್ವತಮ್ಮ ಬಾಗಿಲಲ್ಲಿ.

“ಹೊಸದು ತಂದ್ಕೊಡ್ತೀನಿ ಅತ್ತೆ. ಇಂಜಿನ್ ಒಳಗೆ ಏನೋ ಸವೀತಿದೆ.”

“ಹಂಗಂದ್ರೆ ನಿಲ್ಸೋದಪ್ಪ. ಮಿಕ್ಸಿ ಸದ್ದು ಬದಲಾದ್ರೇ ನಿಲ್ಸ್ತೀವಿ.”

ನವೆಂಬರ್ 19, ಬುಧವಾರ

ಫ್ಲೈಯಿಂಗ್ ಸ್ಕೂಲಿನ ಓನರ್ ಸಂಜೀವಯ್ಯ ಒಪ್ಪಲಿಲ್ಲ. ಶನಿವಾರ ಸಮನ್ವಿತಾಳ ಸೋಲೋ — ಮೊದಲ ಸಲ ಒಬ್ಬಳೇ ಹಾರುವುದು.

“ಇನ್ನೂ ಹತ್ತು ಗಂಟೆ ಹಾರ್ಸಿ ನೋಡೋಣ ಕಣ್ರೀ ವನಿತಾ. ಮೂವತ್ತೆಂಟು ವರ್ಷದ ಇಂಜಿನ್, ಸ್ವಲ್ಪ ಸವೆಯುತ್ತೆ.”

“ಆಗಲ್ಲ ಸಾರ್.”

“ಅಕ್ಟೋಬರ್‌ದಕ್ಕೆ ಸೈನ್ ಹಾಕಿದ್ದು ಯಾರು? ಈಗ ಸ್ಟೀಲ್ ಅಂತ ಬರೆದ್ರೆ ನಿಮ್ ಲೈಸೆನ್ಸಿಗೇ ಕುತ್ತು ಬರುತ್ತೆ.”

ಮೈ ಉರಿಯಿತು. ಹೇಳಿದ್ದು ನಿಜವಾದ್ದರಿಂದ ಇನ್ನೂ ಉರಿಯಿತು. ಭಯವೂ ಆಯಿತು, ಸುಳ್ಳೇಕೆ. ಹದಿನಾಲ್ಕು ವರ್ಷದ ಲೈಸೆನ್ಸ್. ಆದರೂ ಪ್ರೊಪೆಲ್ಲರಿಗೆ ‘ಹಾರಿಸಬಾರದು’ ಎಂಬ ಕೆಂಪು ಚೀಟಿ ಕಟ್ಟಿ, ಕೀ ಜೇಬಿಗೆ ಹಾಕಿಕೊಂಡು ಬಂದೆ. ಬೈದುಕೊಳ್ಳಲಿ.

ನವೆಂಬರ್ 20, ಗುರುವಾರ

ನಿನ್ನೆ ಚೂರುಗಳನ್ನು ಕೊಟ್ಟುಬಂದಿದ್ದ ಜೆ.ಪಿ. ನಗರದ ಲ್ಯಾಬಿನಿಂದ ಚಲುವರಾಜು ಫೋನ್. “ಮೇಡಂ, ಕ್ಯಾಮ್‌ಶಾಫ್ಟ್ ಸ್ಟೀಲ್‌ಗೆ ಮ್ಯಾಚ್ ಆಗ್ತಿದೆ. ಬೇರಿಂಗ್ ಅಲ್ಲ.” ಅಂದರೆ ವಾಲ್ವ್‌ಗಳನ್ನು ಎತ್ತಿ ಇಳಿಸುವ ದಂಡವೇ ಸವೆಯುತ್ತಿದೆ. ನಾಳೆ ಸಿಲಿಂಡರ್ ಬಿಚ್ಚಿ ನೋಡುತ್ತೇನೆ. ಯಾರನ್ನೂ ಕೇಳುವುದಿಲ್ಲ.

ನವೆಂಬರ್ 21, ಶುಕ್ರವಾರ, ಮಧ್ಯಾಹ್ನ 12

ಬಿಚ್ಚಿದೆ. ಟಾರ್ಚ್ ಬಿಟ್ಟೆ. ನುಣ್ಣಗಿರಬೇಕಾದ ಕ್ಯಾಮ್, ಹುಳು ತಿಂದ ಅವರೆಕಾಯಿಯ ಹಾಗೆ ಗುಳಿಗುಳಿ. ಸಂಜೀವಯ್ಯ ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿದರು. “ಪೂರ್ತಿ ಬಿಚ್ಚಿ,” ಎಂದರು. ಅಷ್ಟೇ.

ಲಾಗ್‌ಬುಕ್‌ನಲ್ಲಿ ಬರೆದೆ: ಅಕ್ಟೋಬರ್ 9ರ ಷರಾ ತಪ್ಪು, ಲೋಹವನ್ನು ಪರೀಕ್ಷಿಸಿರಲಿಲ್ಲ. ಸೈನ್ ಹಾಕಿದೆ.

ಮಧ್ಯಾಹ್ನ 3

ಸಮನ್ವಿತಾ ಬಂದಳು. “ಅಕ್ಕಾ, ನಾಳೆ ಇಲ್ವಂತೆ?”

ಎಲ್ಲ ಹೇಳಿದೆ.

“ಅಂದ್ರೆ ಒಂದೂವರೆ ತಿಂಗಳು ನಾನು ಹಾರಿದ್ದೆಲ್ಲ ಇದ್ರಲ್ಲೇ?”

“ಹೂಂ.”

“ನಿಮ್ಗೆ ಗೊತ್ತಿತ್ತಾ?”

“ಕಣ್ಣಿಗೆ ಬಿದ್ದಿತ್ತು. ಜರಿ ಅಂದ್ಕೊಂಡೆ. ಮ್ಯಾಗ್ನೆಟ್ ಹಿಡೀಲಿಲ್ಲ.”

ಬೈಯುತ್ತಾಳೆ ಅಂದುಕೊಂಡೆ. ಸಿಲಿಂಡರ್ ಇದ್ದ ಜಾಗದಲ್ಲಿ ಬಗ್ಗಿ ಬಹಳ ಹೊತ್ತು ನೋಡಿದಳು. “ಅಮ್ಮಂಗೆ ನೀವೇ ಬಂದು ಹೇಳಿ ಅಕ್ಕ. ನನ್ ಬಾಯಲ್ಲಿ ಕೇಳಿದ್ರೆ ಹಾರೋದೇ ಬಿಡಿಸ್ತಾರೆ.”

ಸಂಜೆ 6.20, ಉತ್ತರಹಳ್ಳಿ

ಅವರ ಮನೆ ಎದುರು, ಸ್ಕೂಟರ್ ಮೇಲೇ ಕೂತು ಬರೆಯುತ್ತಿದ್ದೇನೆ. ತಾಯಿಯ ಹೆಸರು ಅಂಜನಮ್ಮ. ಇವಳೊಬ್ಬಳೇ ಮಗಳು. ಸುತ್ತಿ ಬಳಸಿ ಹೇಳಬಾರದು. ತಪ್ಪು ನನ್ನದು ಎನ್ನುವುದೇ ಮೊದಲ ಮಾತು. ಆಮೇಲೆ ಅವರು ಏನಂದರೂ...

ಅಂಜನಮ್ಮ ಬಾಗಿಲು ತೆಗೆದರು. ನನ್ನನ್ನು ನೋಡಿ ನಗುತ್ತಿದ್ದಾರೆ, ಒಳಗೆ ಬಾ ಎಂದು ಕೈ ಬೀಸುತ್ತಿದ್ದಾರೆ. ಹೋಗಿ ಹೇಳುತ್ತೇನೆ.