ಬಾಗಿಲುಗಳ ದೋಣಿ

ಮಿಚೆಸ್
ಮಾರ್ಚ್ 11

ನನ್ನ ಯುದೆಲ್ಕಾ,

ನೀನು ಆಶೀರ್ವಾದ ಕೇಳದೆ ಓಡಿಹೋದರೂ ನಿನಗೆ ಅಮ್ಮನ ಆಶೀರ್ವಾದ ಇದ್ದೇ ಇದೆ.

ಲಾ ವೇಗಾದ ಚಿಕ್ಕಮ್ಮನ ಮನೆ ಸೇರಿಕೊಂಡಿದ್ದೀಯ, ಸರಿಯಾಗಿ ಉಣ್ಣುತ್ತಿಲ್ಲ ಅಂತ ನನ್ನ ತಂಗಿ ಫ್ಲೋರೇ ಹೇಳಿದಳು. ಫೋನ್ ಎತ್ತದವಳಿಗೆ ಕಾಗದವನ್ನೇ ಬರೆಯಬೇಕು. ಮೊದಲು ಇಷ್ಟನ್ನು ಓದಿ ಉಸಿರು ಬಿಡು: ನನಗೆ ನಿನ್ನ ಮೇಲೆ ಕೋಪವಿಲ್ಲ. ಇತ್ತು. ಈಗ ಇಲ್ಲ.

ನೀನು ಬೀದಿಯ ಮನೆಮನೆಗೂ ಹೋಗಿ ಮುರಿದ ಬಾಗಿಲು, ತುಕ್ಕು ಹಿಡಿದ ತಗಡು, ಕಾಲಿಲ್ಲದ ಕುರ್ಚಿ ಬೇಡುತ್ತಿದ್ದಾಗ ನಾನು ನಕ್ಕಿದ್ದೆ. ರಾಜಧಾನಿಯಲ್ಲಿ ಶಿಲ್ಪಕಲೆ ಓದಿ ಬಂದು ಗುಜರಿ ಅಂಗಡಿ ಇಡುತ್ತಾಳೆ ಅಂತ ಎದುರುಮನೆ ಸುನಿಲ್ದಾಗೆ ಹೇಳಿದ್ದೆ. ನನ್ನ ಮದುವೆಯ ಮಂಚ ಕೇಳಿದಾಗಲೂ ಕೊಟ್ಟೆ. ಹಳೇ ಕೋಕೋ ಗೋದಾಮಿನಲ್ಲಿ ನೀನು ಕಟ್ಟುತ್ತಿರುವುದು ದೋಣಿ ಅಂತ ಗೊತ್ತಾದ ದಿನ ಮಾತ್ರ ನಗು ನಿಂತಿತು. ನಿಮ್ಮಪ್ಪ ಕೆಲಸ ಹುಡುಕಿಕೊಂಡು ಸಮುದ್ರ ದಾಟಲು ಹೋದದ್ದು ದೋಣಿಯಲ್ಲಿ. ಪೋರ್ಟೊ ರಿಕೊ ಮುಟ್ಟಿದ ತಕ್ಷಣ ಫೋನ್ ಮಾಡುತ್ತೇನೆ ಅಂದಿದ್ದರು. ಸುನಿಲ್ದಾಳ ಇಬ್ಬರು ಗಂಡುಮಕ್ಕಳೂ ಬೀದಿಯ ಇನ್ನೂ ಎಷ್ಟೋ ಜನರೂ ಅದೇ ದೋಣಿ ಹತ್ತಿದ್ದರು. ಸುದ್ದಿಯೂ ಬರಲಿಲ್ಲ, ಹೆಣವೂ ಬರಲಿಲ್ಲ. ಆ ದೋಣಿಯನ್ನು ಈ ಹುಡುಗಿ ನನ್ನ ಮಂಚದಿಂದಲೇ ಮಾಡಿ ಊರಿಗೆಲ್ಲ ತೋರಿಸುತ್ತಾಳಲ್ಲ ಅಂತ ಮೈಯೆಲ್ಲ ಉರಿದುಹೋಯಿತು. ನಿನ್ನ ಪ್ರದರ್ಶನದ ಉದ್ಘಾಟನೆಯ ಸಂಜೆ ನಾನು ಬಂದದ್ದು ಅದನ್ನು ನೋಡುವುದಕ್ಕಲ್ಲ. ನಾಲ್ಕು ಜನರ ಮುಂದೆ ನಿನಗೆ ಛೀಮಾರಿ ಹಾಕಿ ಮಂಚ ವಾಪಸ್ ತರುವುದಕ್ಕೆ. ನನ್ನ ಮುಖ ಕಂಡು ನೀನು ಹಿಂಬಾಗಿಲಿಂದ ಜಾರಿಕೊಂಡದ್ದು ಒಳ್ಳೆಯದೇ ಆಯಿತು.

ಒಳಗೆ ಹೋದೆ. ಬಾಯಿ ತೆರೆದೆ. ಬೈಯುವುದು ಬಿಟ್ಟು ದೋಣಿಯ ಸುತ್ತ ನಡೆದೆ.

ಅದರ ಪಕ್ಕಗಳೆಲ್ಲ ನಮ್ಮ ಬೀದಿಯ ಬಾಗಿಲುಗಳು. ನೀಲಿ ಬಣ್ಣದ್ದು ನಮ್ಮದು. ನಿನ್ನ ಎತ್ತರ ಅಳೆದು ನಿಮ್ಮಪ್ಪ ಚಾಕುವಿನಲ್ಲಿ ಗೀರಿದ ಗುರುತು ಹಾಗೇ ಇದೆ. ನನ್ನ ಮಂಚದ ಹಲಗೆಗಳು ಕೂರುವ ಜಾಗವಾಗಿವೆ. ಮೇಲೆ ಯಾರದೋ ಸೊಳ್ಳೆಪರದೆ ಮೋಡದ ಹಾಗೆ ಇಳಿದಿದೆ. ಅಂದು ಹೋದ ಒಬ್ಬೊಬ್ಬರ ಜಾಗದಲ್ಲಿ ಅವರವರ ಮನೆಯ ವಸ್ತು. ಸಾವು ಹೊತ್ತ ದೋಣಿ ನೋಡುತ್ತೇನೆ ಅಂದುಕೊಂಡಿದ್ದೆ ಮಗಳೇ. ಮನೆಗಳೆಲ್ಲ ಅವರ ಜೊತೆ ಹೊರಟು ನಿಂತಹಾಗಿತ್ತು.

ಸುನಿಲ್ದಾ ಯಾರನ್ನೂ ಕೇಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹತ್ತಿ, ತನ್ನ ಮಕ್ಕಳು ಕೂರುತ್ತಿದ್ದ ಶಾಲೆಯ ಬೆಂಚಿನ ಮೇಲೆ ಕೂತುಬಿಟ್ಟಳು. ರಾಜಧಾನಿಯಿಂದ ಬಂದಿದ್ದ ಕಾವಲುಗಾರ ಓಡಿ ಬಂದ.

"ಅಮ್ಮಾ, ಇಳೀರಿ ಇಳೀರಿ! ಇದು ಕಲಾಕೃತಿ, ಮುಟ್ಟಬಾರದು!"

ನಿನಗೆಂದು ತಂದಿದ್ದ ಛೀಮಾರಿ ಅವನಿಗೆ ಬಿತ್ತು. "ಏನಪ್ಪಾ, ಇದು ನನ್ನ ಮಂಚ. ಇದನ್ನ ಕಟ್ಟಿದ ಮಗಳನ್ನ ಇದರ ಮೇಲೇ ಹೆತ್ತಿದ್ದೀನಿ. ಕೂರೋಕೆ ನಿನ್ನ ಅಪ್ಪಣೆ ಬೇಕಾ?" ಅಂದು ನಾನೂ ಹತ್ತಿದೆ. ಆಮೇಲೆ ಬೀದಿಯ ಹೆಂಗಸರೆಲ್ಲ ಹತ್ತಿದರು. ಪಾಪ, ಅವನು ಟೋಪಿ ತೆಗೆದು ಗೋಡೆ ಪಕ್ಕ ನಿಂತ.

ನಿನಗೆ ಗೊತ್ತು, ನಾವ್ಯಾರೂ ಒಂಬತ್ತು ದಿನದ ಪ್ರಾರ್ಥನೆ ಮಾಡಿಸಿರಲಿಲ್ಲ. ಸತ್ತವರಿಗೆ ಮಾಡುವ ಪ್ರಾರ್ಥನೆ ಅದು. ಮಾಡಿದರೆ ನಾವೇ ಅವರನ್ನು ಕೊಂದಹಾಗೆ ಅನ್ನಿಸುತ್ತಿತ್ತು. ಯಾರು ಮೊದಲು ಬಾಯಿಬಿಡುತ್ತಾರೆ ಅಂತ ಒಬ್ಬರನ್ನೊಬ್ಬರು ಕಾಯುತ್ತಾ ಮುದುಕಿಯರಾದೆವು. ಅಲ್ಲಿ ಕೂತಾಗ ಸುನಿಲ್ದಾ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು, "ಎರ್ಸಿಲಿಯಾ, ಅವರು ಇನ್ನು ಬರಲ್ಲ, ಅಲ್ವಾ?"

"ಬರಲ್ಲ ಕಣೇ," ಅಂದೆ.

ಅಷ್ಟೇ. ಆಮೇಲೆ ಜಪಮಾಲೆ ತೆಗೆದು ನಿಮ್ಮಪ್ಪನ ಹೆಸರು ಹೇಳಿದೆ. ನಾರ್ಸಿಸೊಗೆ ಶಾಂತಿ ಸಿಗಲಿ. ಒಬ್ಬೊಬ್ಬರೂ ತಮ್ಮವರ ಹೆಸರು ಹೇಳಿದರು. ಅತ್ತೆವು ಅಂದರೆ ಎಂಥಾ ಅಳು! ಗೋದಾಮಿನ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಮರುದಿನ ಸಂಜೆ ಎಲ್ಲರೂ ಮತ್ತೆ ಬಂದೆವು. ಒಂಬತ್ತು ಸಂಜೆಯೂ ದೋಣಿಯಲ್ಲೇ ಪ್ರಾರ್ಥನೆ. ನಾನು ಶುಂಠಿ ಚಹಾ ಕಾಸಿದೆ, ಸುನಿಲ್ದಾ ಬ್ರೆಡ್ಡು ಚೀಸು ತಂದಳು. ಗಂಡಸರು ಸಾವಿನ ಮನೆಯ ಪದ್ಧತಿಯಂತೆ ಹೊರಗೆ ಡಾಮಿನೋ ಆಡುತ್ತಾ ಜಗಳವಾಡಿದರು. ಕಾವಲುಗಾರನೂ ಆಡಿ ಸೋತ. ಪ್ರದರ್ಶನದ ಮೇಲ್ವಿಚಾರಕಿ ಮೊದಲ ದಿನ ತಲೆ ಮೇಲೆ ಕೈ ಹೊತ್ತಿದ್ದಳು. ಮೂರನೇ ದಿನ ತಾನೇ ಬಂದು ಸುನಿಲ್ದಾ ಪಕ್ಕ ಕೂತು, ತೀರಿಕೊಂಡ ತನ್ನ ತಂದೆಗೂ ಒಂದು ಪ್ರಾರ್ಥನೆ ಹೇಳಿ ಅಂದಳು.

ನಿನ್ನೆ ಮುಗಿಯಿತು. ಇವತ್ತು ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಎಷ್ಟು ವರ್ಷವಾಗಿತ್ತೋ ಹಾಗೆ ನಿದ್ದೆ ಮಾಡಿ. ಎದೆ ಮೇಲೆ ಕೂತಿದ್ದ ಯಾರೋ ಎದ್ದುಹೋದ ಹಾಗಿದೆ.

ನಮಗೆ ನೋವು ಮಾಡಿದೆ ಅಂತ ನೀನಲ್ಲಿ ಅಳುತ್ತಿದ್ದೀಯಂತೆ. ಹುಚ್ಚಿ. ನಮ್ಮವರನ್ನು ಕಳಿಸಿಕೊಡುವುದಕ್ಕೆ ನಮಗೊಂದು ಜಾಗವಿರಲಿಲ್ಲ. ನೀನು ಕಟ್ಟಿಕೊಟ್ಟೆ. ಈ ಕಾಗದ ಕೈಸೇರಿದ ಕೂಡಲೇ ಬಸ್ಸು ಹತ್ತು. ಬೀದಿಯವರೆಲ್ಲ ನಿನ್ನನ್ನು ಮುದ್ದಾಡುವುದಕ್ಕೆ ಕಾಯುತ್ತಿದ್ದಾರೆ. ಸುನಿಲ್ದಾಳ ತೆಕ್ಕೆಗೆ ಸಿಕ್ಕರೆ ಮೂಳೆ ಉಳಿಯುವುದು ಕಷ್ಟ.

ಇಂತಿ,
ನಿನ್ನ ಅಮ್ಮ
ಎರ್ಸಿಲಿಯಾ

ಮರೆತಿದ್ದೆ: ಎಳನೀರು ಮಾರುವ ಎಲಿಸೆಯೊ ಗೊತ್ತಲ್ಲ, ಹೆಂಡತಿ ತೀರಿಕೊಂಡವರು. ಆರು ವರ್ಷದ ಹಿಂದೆ ನನ್ನನ್ನು ಒಂದು ಮಾತು ಕೇಳಿದ್ದರು. ನಾನು ಹೆಂಡತಿಯೋ ವಿಧವೆಯೋ ನನಗೇ ಗೊತ್ತಿಲ್ಲ, ಏನಂತ ಉತ್ತರ ಕೊಡಲಿ ಅಂದಿದ್ದೆ. ಮತ್ತೆ ಒಂದು ದಿನವೂ ಕೇಳಿದವರಲ್ಲ. ಇವತ್ತು ಬೆಳಿಗ್ಗೆ ನಾನೇ ಅವರ ಗಾಡಿಯ ಹತ್ತಿರ ಹೋಗಿ, ಭಾನುವಾರ ಊಟಕ್ಕೆ ಬನ್ನಿ ಅಂದೆ. ಕೈಲಿದ್ದ ಎಳನೀರು ಚೆಲ್ಲಿಕೊಂಡರು. ನೀನೂ ಇರಬೇಕು. ಒಬ್ಬಳೇ ಎದುರಿಗೆ ಕೂರಲು ನಾಚಿಕೆಯಾಗುತ್ತದೆ.