ತಡವರಿಸುವ ಮಗುವಿನ ಮುಂದೆ ಗಂಟೆ ಇಟ್ಟವರಿಗೆ

ನಮ್ಮ ವಲಯದ ಶಾಲೆಗಳ ಮುಖ್ಯಾಧಿಕಾರಿಗಳೇ, ನಿರರ್ಗಳ ಮಾತಿನ ಮಹಾಪೋಷಕರೇ,

ಆ ಗಂಟೆಯನ್ನು ತೆಗೆಸಿ. ಮಿಕ್ಕ ಮಾತು ಆಮೇಲೆ.

ಯಾವ ಗಂಟೆ ಎಂದು ಕೇಳಬೇಡಿ. ‘ನಿರರ್ಗಳ ಬಾಲ್ಯ’ ಎಂಬ ಯೋಜನೆ ಹೂಡಿ, ಶಿಶುವರ್ಗದ ಪ್ರತಿ ಕೋಣೆಗೂ ಒಂದೊಂದು ಕಳುಹಿಸಿದವರು ತಾವೇ. ಸಾಹೇಬರು ಜವಾನನನ್ನು ಕರೆಯಲು ಮೇಜಿನ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ನೆತ್ತಿಯ ಮೇಲೆ ಕುಟ್ಟಿದರೆ ಟಣ್ ಎನ್ನುತ್ತದಲ್ಲ, ಅದೇ. ಬೆಳಿಗ್ಗೆ ಮಕ್ಕಳು ಒಬ್ಬೊಬ್ಬರಾಗಿ ಎದ್ದು ತಮ್ಮ ಹೆಸರು, ಅಪ್ಪ ಅಮ್ಮನ ಹೆಸರು, ನಿನ್ನೆ ಏನು ಮಾಡಿದೆ ಎಂಬುದನ್ನು ಹೇಳಬೇಕು. ಮಾತು ನಿಂತರೆ ಟಣ್. ಒಂದೇ ಅಕ್ಷರ ಎರಡು ಸಲ ಬಂದರೆ ಟಣ್. ಗಂಟೆ ಬಿದ್ದ ಮಗು ಮತ್ತೆ ಮೊದಲಿಂದ ಹೇಳಬೇಕು. ಕುರ್ಚಿಯಲ್ಲಿ ಕೂತರೆ ಇನ್ನೂ ಕಾಲು ನೆಲಕ್ಕೆ ಎಟುಕದ ಮಕ್ಕಳು ಇವರು. ಇವರ ಮಾತು ಮಾತ್ರ ನಲ್ಲಿ ನೀರಿನ ಹಾಗೆ ಸುರಿಯಬೇಕು. ಇಂಥ ಆಲೋಚನೆ ಹೊಳೆದ ದಿನ ತಾವು ಸ್ವಂತ ತಲೆಯನ್ನೇ ಬಳಸಿದಿರೋ, ಬಾಡಿಗೆಗೆ ತಂದಿದ್ದಿರೋ ತಿಳಿಯದು.

ನನ್ನ ಮೊಮ್ಮಗಳನ್ನು ಮನೆಯಲ್ಲಿ ಕರೆಯುವುದೇ ರೇಡಿಯೋ ಎಂದು. ಕಣ್ಣು ಬಿಟ್ಟ ಗಳಿಗೆಯಿಂದ ಕಣ್ಣು ಮುಚ್ಚುವ ತನಕ ಬಾಯಿ ಮುಚ್ಚದ ಹುಡುಗಿ. ಇರುವೆ ಸಾಲು ಯಾಕೆ ತಿರುಗಿತು, ಬಚ್ಚಲ ನೀರು ಎಲ್ಲಿಗೆ ಹೋಯಿತು, ಅಜ್ಜಿಗೆ ಅಜ್ಜಿ ಯಾಕಿಲ್ಲ, ಎಲ್ಲವೂ ಅವಳಿಗೆ ಬೇಕು. ನಾಲ್ಕು ತುಂಬಿದ ಮೇಲೆ ಒಂದು ದಿನ “ಅ-ಅ-ಅಜ್ಜಿ” ಅಂದಳು. ಆಟ ಕಟ್ಟುತ್ತಿದ್ದಾಳೆ ಅಂದುಕೊಂಡೆವು. ಸ್ವಲ್ಪ ದಿನಕ್ಕೆ ಮಾತು ಗಂಟಲಲ್ಲೇ ಸಿಕ್ಕಿಕೊಂಡು, ಕಣ್ಣು ಬಿಗಿಹಿಡಿದು, ಕಾಲು ನೆಲಕ್ಕೆ ಒತ್ತಿ ಒಂದೊಂದು ಪದವನ್ನೂ ಆಚೆ ತಳ್ಳತೊಡಗಿದಳು.

ಬಂಧುಗಳು ಸುಮ್ಮನಿರುತ್ತಾರೆಯೇ? ಬಾಯಲ್ಲಿ ಗೋಲಿ ಇಟ್ಟು ಮಾತಾಡಿಸಿ ಎಂದರು, ಗದರಿಸಿ ಎಂದರು, ಮುದ್ದು ಹೆಚ್ಚಾಯಿತು ಎಂದರು. ನನ್ನ ಮಗಳು ಯಾರ ಮಾತಿಗೂ ಸೊಪ್ಪು ಹಾಕದೆ ಮಗುವನ್ನು ಆಸ್ಪತ್ರೆಯ ವಾಕ್ ಚಿಕಿತ್ಸಕಿಯ ಹತ್ತಿರ ಕರೆದುಕೊಂಡು ಹೋದಳು. ಆಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಗುವಿನ ಜೊತೆ ಮರದ ತುಂಡು ಜೋಡಿಸುತ್ತಲೇ ನಮಗೆ ಬುದ್ಧಿ ಹೇಳಿದಳು. ಈ ವಯಸ್ಸಿನಲ್ಲಿ ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ, ಯಾರ ತಪ್ಪೂ ಅಲ್ಲ. “ನಿಧಾನ, ಉಸಿರು ತಗೋ” ಎನ್ನಬೇಡಿ, ನೀವೇ ನಿಧಾನವಾಗಿ ಮಾತಾಡಿ. ಅವಳ ಮಾತನ್ನು ನೀವು ಮುಗಿಸಿಕೊಡಬೇಡಿ. ಹೇಗೆ ಹೇಳಿದಳು ಎಂಬುದನ್ನು ಬಿಟ್ಟು, ಏನು ಹೇಳಿದಳು ಎಂಬುದಕ್ಕೆ ಕಿವಿ ಕೊಡಿ. ಕೇಳಲು ಸುಲಭ, ಸ್ವಾಮಿ. ನಮ್ಮದು ಊಟಕ್ಕೆ ಕೂತರೆ ಸಂತೆಯಾಗುವ ಮನೆ. ನನ್ನ ಅಳಿಯ ಈಗ ತನ್ನ ಮಗಳು ಒಂದು ಮಾತು ಮುಗಿಸುವ ತನಕ ತುತ್ತನ್ನು ಕೈಯಲ್ಲೇ ಹಿಡಿದು ಕಾಯುತ್ತಾನೆ. ನಾನು ನಾಲಿಗೆ ಕಚ್ಚಿಕೊಂಡು ಕೂರುತ್ತೇನೆ. ಉಗ್ಗು ಹೋಗಲಿಲ್ಲ ನಿಜ, ಆದರೆ ಮಾತೂ ನಿಲ್ಲಲಿಲ್ಲ. ಉಗ್ಗುತ್ತಲೇ ರೇಡಿಯೋ ನಡೆಯುತ್ತಿತ್ತು. ಅವಳನ್ನು ತಮ್ಮ ಶಾಲೆಗೆ ಸೇರಿಸುವ ತನಕ.

ಇದನ್ನೆಲ್ಲ ಹೇಳಲು ನೀನು ಯಾರು ಎನ್ನುತ್ತೀರಿ. ನಾನು ಕಚೇರಿಯೊಂದರಲ್ಲಿ ಶೀಘ್ರಲಿಪಿಗಾರ್ತಿಯಾಗಿ ದುಡಿದು ನಿವೃತ್ತಳಾದವಳು. ತಮ್ಮಂಥ ಅಧಿಕಾರಿಗಳು ಬಾಯಿಂದ ಉದುರಿಸಿದ್ದನ್ನು ಹೆಕ್ಕಿ, ತಲೆಗೆ ತಲೆ ಬಾಲಕ್ಕೆ ಬಾಲ ಜೋಡಿಸಿ, ಗೌರವಾನ್ವಿತ ಪತ್ರ ಮಾಡಿ ಕೊಟ್ಟವಳು. “ಅಂದರೆ, ಅದು, ಏನಪ್ಪಾ ಅಂದರೆ, ಹ್ಞಾಂ, ಎಲ್ಲಿದ್ದೆ ನಾನು?” ಎಂಬುದು ಪತ್ರದಲ್ಲಿ “ಮೇಲ್ಕಂಡ ವಿಷಯವಾಗಿ” ಎಂದಾಗುತ್ತಿತ್ತು. ನಿರರ್ಗಳವಾಗಿ ಮಾತಾಡಿದ ಅಧಿಕಾರಿಯನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ತಮ್ಮನ್ನೂ ಕೇಳಿದ್ದೇನೆ. ಈ ಯೋಜನೆಯ ಉದ್ಘಾಟನೆಯಲ್ಲಿ ತಾವು ‘ನಿರರ್ಗಳ’ ಎಂಬ ಪದದ ಮೇಲೆಯೇ ಮುಗ್ಗರಿಸಿದಿರಿ, ನೀರು ಕುಡಿದಿರಿ, ಓದಿದ ಹಾಳೆಯನ್ನೇ ಮತ್ತೊಮ್ಮೆ ಓದಿದಿರಿ. ಯಾರಾದರೂ ಟಣ್ ಅಂದರೇ? ಚಪ್ಪಾಳೆ ತಟ್ಟಿದರು. ಕುರ್ಚಿ ಇದ್ದವರು ತಡವರಿಸಿದರೆ ಗಾಂಭೀರ್ಯ, ಮಗು ತಡವರಿಸಿದರೆ ದೋಷ. ಭಲೇ.

ಶಾಲೆಯಲ್ಲಿ ಏನಾಯಿತು ಎಂಬುದನ್ನು ಕೇಳಿ. ಎಡವಿದ ಮಗುವಿಗೆ ಅಭ್ಯಾಸ ಸಾಲದು, ಅದನ್ನು ಮರುದಿನ ಎಲ್ಲರಿಗಿಂತ ಮೊದಲು ಎಬ್ಬಿಸಬೇಕು ಎಂದು ತಮ್ಮ ಸುತ್ತೋಲೆಯಲ್ಲಿದೆಯಂತೆ. ಹಾಗಾಗಿ ದಿನವೂ ಮೊದಲು ಏಳುತ್ತಿದ್ದವಳು ನಮ್ಮವಳೇ. ಅವಳ ಹೆಸರಿನ ಮೊದಲ ಅಕ್ಷರವೇ ಅವಳ ಗಂಟಲಿಗೆ ಮುಳ್ಳು. ಟಣ್. ಮತ್ತೆ ಮೊದಲಿಂದ. ಟಣ್. ಮಕ್ಕಳು ನಗಲಿಲ್ಲವಂತೆ. ತಮ್ಮ ಸರದಿ ಬರುತ್ತದಲ್ಲ ಎಂಬ ಹೆದರಿಕೆಗೆ ಅವರೂ ಉಗುಳು ನುಂಗುತ್ತಾ ಕೂತಿರುತ್ತಿದ್ದರಂತೆ. ಚಿಕಿತ್ಸಕಿ ಬರೆದುಕೊಟ್ಟ ಪತ್ರವನ್ನು ಮಗಳು ಟೀಚರಿಗೆ ತಲುಪಿಸಿದಳು. ಆ ಹೆಣ್ಣುಮಗಳು ಕೆಟ್ಟವಳಲ್ಲ, ಪಾಪ, ಮೇಲಿನವರು ಬಂದು ನೋಡುತ್ತಾರಮ್ಮ ಎಂದು ಕಣ್ಣು ತಗ್ಗಿಸಿದಳು.

ಆದರೆ ಮಕ್ಕಳು ಅಧಿಕಾರಿಗಳಿಗಿಂತ ಜಾಣರು. ನಮ್ಮವಳು ಒಂದು ಉಪಾಯ ಕಂಡುಕೊಂಡಳು. “ಗೊತ್ತಿಲ್ಲ” ಎಂಬ ಮಾತು ಅವಳಿಗೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ಸರಾಗವಾಗಿ ಬರುತ್ತದೆ. ನಿನ್ನ ಹೆಸರೇನು? ಗೊತ್ತಿಲ್ಲ. ಅಮ್ಮನ ಹೆಸರು? ಗೊತ್ತಿಲ್ಲ. ನಿನ್ನೆ ಏನು ಮಾಡಿದೆ? ಗೊತ್ತಿಲ್ಲ. ಗಂಟೆ ಬಾರಿಸಲಿಲ್ಲ. ಬಾರಿಸುವಂತೆಯೇ ಇಲ್ಲವಲ್ಲ! ಮಾತು ನಿಲ್ಲಲಿಲ್ಲ, ಅಕ್ಷರ ಎರಡು ಸಲ ಬರಲಿಲ್ಲ. ತಮ್ಮ ಯೋಜನೆಯ ಪ್ರಕಾರ ಮಗು ಗೆದ್ದಿತು. ಸತ್ಯವನ್ನು ತಡೆದು ತಡೆದು ಹೇಳಿದರೆ ಟಣ್, ಸುಳ್ಳನ್ನು ಸಲೀಸಾಗಿ ಹೇಳಿದರೆ ಶಹಭಾಸ್. ಆಡಳಿತಕ್ಕೆ ಆಳು ತಯಾರಿಸುವ ಉದ್ದೇಶವಿದ್ದರೆ ಮೊದಲೇ ಹೇಳಬಹುದಿತ್ತು.

ಆಮೇಲೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು. ಈ ಮಗುವಿಗೆ ಸ್ವಂತ ಹೆಸರೇ ಗೊತ್ತಿಲ್ಲ, ಬುದ್ಧಿ ಬೆಳೆದಿಲ್ಲ, ಒಂದನೇ ತರಗತಿಗೆ ಸೇರಿಸದೆ ಇದೇ ವರ್ಗದಲ್ಲಿ ಉಳಿಸಿ ಎಂದು ತಮ್ಮ ಕಚೇರಿಯಿಂದ ಆದೇಶ ಬಂತು. ಅಜ್ಜಿಗೆ ಅಜ್ಜಿ ಯಾಕಿಲ್ಲ ಎಂದು ಕೇಳಿದ ಮಗುವಿಗೆ ಬುದ್ಧಿ ಬೆಳೆದಿಲ್ಲವಂತೆ. ಇದೇ ವರ್ಗ ಎಂದರೆ ಇದೇ ಗಂಟೆ, ಇನ್ನೊಂದು ಇಡೀ ವರ್ಷ.

ನಾನು ತಮ್ಮ ಕಚೇರಿಗೆ ಬಂದೆ, ನೆನಪಿರಬೇಕು. ಗೋಡೆಗೆ ಒರಗಿದ ಬೆಂಚಿನಲ್ಲಿ ಕೂರಿಸಿ, ಮಧ್ಯಾಹ್ನದ ಮೇಲೆ ಒಳಗೆ ಕರೆದಿರಿ. “ನನ್ನ ಮೊಮ್ಮಗಳಿಗೆ…” ಎನ್ನುವಷ್ಟರಲ್ಲಿ “ಸೀಟು ಬೇಕು, ಅಲ್ವಾ?” ಎಂದಿರಿ. “ಅಲ್ಲ, ಮಗು ಮಾತು…” ಎಂದೆ. “ಕಲಿತಿಲ್ಲ, ಗೊತ್ತು ಗೊತ್ತು” ಎಂದಿರಿ. ನನ್ನ ಒಂದು ವಾಕ್ಯವನ್ನೂ ಮುಗಿಸಲು ಬಿಡದೆ, ಎಲ್ಲವನ್ನೂ ತಾವೇ ತಪ್ಪುತಪ್ಪಾಗಿ ಮುಗಿಸಿ, ಬಾಗಿಲು ತೋರಿಸಿದಿರಿ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಮೈ ಉರಿಯಿತು. ಅಷ್ಟಾದರೂ ಈ ಪತ್ರ ಬರೆಯುತ್ತಿರಲಿಲ್ಲ. ತಮ್ಮಂಥವರಿಗೆ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದು ಬಿಟ್ಟುಬಿಡುತ್ತಿದ್ದೆ.

ಕಳೆದ ವಾರ ಮಗುವಿಗೆ ಜ್ವರ ಬಂತು. ಊಟ ಬಿಟ್ಟು ಮುದುಡಿಕೊಂಡು ಮಲಗಿದಳು. ಮಗಳಿಗೆ ರಜೆ ಸಿಗದೆ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊಸಬರು, ಮೆತ್ತಗೆ ಮಾತಾಡುವವರು. ಎಲ್ಲಿ ನೋವು ಪುಟ್ಟಾ ಎಂದು ಕೇಳಿದರು. ಗೊತ್ತಿಲ್ಲ. ಹೊಟ್ಟೆಯಾ? ಗೊತ್ತಿಲ್ಲ. ತಲೆಯಾ, ಗಂಟಲಾ, ಕಿವಿಯಾ? ಗೊತ್ತಿಲ್ಲ, ಗೊತ್ತಿಲ್ಲ. ಕಿವಿಯೊಳಗೆ ನೋಡಲು ಹೋದರೆ ನನ್ನ ಸೆರಗಿನೊಳಗೆ ಮುಖ ಹುದುಗಿಸಿ, ಮುಟ್ಟಲೂ ಬಿಡಲಿಲ್ಲ. ಅವರು ಜ್ವರದ ಔಷಧಿ ಕೊಟ್ಟು, ಇಳಿಯದಿದ್ದರೆ ಮತ್ತೆ ಬನ್ನಿ ಎಂದರು. ಬೆಳಗಾಗುವಷ್ಟರಲ್ಲಿ ದಿಂಬಿನ ಮೇಲೆ ಕೀವು. ಕಿವಿಯ ಪರದೆ ಒಡೆದಿತ್ತು. ದೊಡ್ಡವರನ್ನೇ ಗೋಳಾಡಿಸುವ ನೋವನ್ನು ಆ ಕೂಸು ಬಾಯಿ ಬಿಡದೆ ನುಂಗಿಕೊಂಡು ಮಲಗಿತ್ತು.

ಪರದೆ ಮಾಗುತ್ತದೆ ಎಂದಿದ್ದಾರೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿವಿ ನೋಯುತ್ತೆ ಅಂತ ಡಾಕ್ಟರಿಗೆ ಯಾಕೆ ಹೇಳಲಿಲ್ಲ ಕಂದಾ ಎಂದು ಕೇಳಿದೆ. ಅವಳು ಬಹಳ ಹೊತ್ತು ಒದ್ದಾಡಿದಳು. ನಾನು ಕಾದೆ.

“ಅ-ಅ-ಅಜ್ಜಿ, ಡ-ಡಾಕ್ಟರ್ ಟ-ಟೇಬಲ್ ಮೇಲೂ ಗ-ಗ-ಗಂಟೆ ಇತ್ತಲ್ಲಾ.”

ಇತ್ತು. ಮುಂದಿನ ರೋಗಿಯನ್ನು ಕರೆಯಲು ಇಟ್ಟುಕೊಂಡಿದ್ದರು. ನಾನು ಗಮನಿಸಿರಲಿಲ್ಲ.

ಈಗ ಕೇಳಿ, ಇದು ವಿನಂತಿಯಲ್ಲ. ಬರುವ ಸೋಮವಾರ ಶಾಲೆ ತೆರೆಯುವ ಮೊದಲು ಎಲ್ಲ ಕೋಣೆಗಳಿಂದ ಆ ಗಂಟೆಗಳು ಹೊರಗೆ ಹೋಗಬೇಕು. ನನ್ನ ಮೊಮ್ಮಗಳನ್ನು ಹಿಂದೆ ಉಳಿಸುವ ಆದೇಶ ರದ್ದಾಗಬೇಕು. ಆಮೇಲೆ ತಾವೇ ಬಂದು, ಅವಳ ಎತ್ತರಕ್ಕೆ ಬಗ್ಗಿ, ಅವಳ ಹೆಸರು ಕೇಳಬೇಕು. ಕೇಳಿ ಸುಮ್ಮನಿರಬೇಕು. ಗಡಿಯಾರ ನೋಡಕೂಡದು, ಮಾತು ಮುಗಿಸಿಕೊಡಕೂಡದು. ಅವಳು “ಗೊತ್ತಿಲ್ಲ” ಅಂದರೆ ಮಾರನೆಯ ದಿನವೂ ಬನ್ನಿ, ಅದರ ಮಾರನೆಯ ದಿನವೂ ಬನ್ನಿ. ಅವಳಿಗೆ ತನ್ನ ಹೆಸರು ಚೆನ್ನಾಗಿ ಗೊತ್ತು. ತಮಗೆ ಅದನ್ನು ಹೇಳಬಹುದು ಎಂಬ ಧೈರ್ಯ ಬರುವ ತನಕ ತಾವು ಬರುತ್ತಲೇ ಇರಬೇಕು.

ಇಂತಿ,
ಕಾಯುವುದನ್ನು ಮುಪ್ಪಿನಲ್ಲಿ ಕಲಿತ
ಒಬ್ಬ ಬಾಯಿಬಡುಕಿ ಅಜ್ಜಿ