ಮೂವತ್ತರ ಮೇಲೆ ನಿಂತ ಮುಳ್ಳು

ಆದವಾನಿ,
ತಾ. ೧೨ನೇ ಮಾರ್ಚಿ ೧೯೪೩, ಶುಕ್ರವಾರ

ಚಿ. ಸೌ. ಗುರುಶಾಂತಮ್ಮಳಿಗೆ ನಿನ್ನ ಅಪ್ಪ ಉರುಕುಂದಪ್ಪನ ಆಶೀರ್ವಾದಗಳು.

ಶಾಂತಾ, ಹೇಗಿದ್ದೀ ತಾಯಿ? ಕೆಮ್ಮು ಇಳಿದಿದೆಯೆ? ಊಟ ಸೇರುತ್ತಿದೆಯೆ? ಗುಡ್ಡದ ಮೇಲಿನ ಆಸ್ಪತ್ರೆಯಾದ್ದರಿಂದ ಬೆಳಗಿನ ಗಾಳಿ ಇನ್ನೂ ತಣ್ಣಗಿರಬಹುದು, ಕಂಬಳಿ ಕಾಲಿನ ತನಕ ಎಳೆದುಕೊ. ಇಲ್ಲಿ ಬಿಸಿಲು ಆಗಲೇ ಏರಿದೆ. ನಿನ್ನ ಕಾಗದಗಳು ಗುರುವಾರ ಗುರುವಾರ ತಪ್ಪದೆ ಬರುತ್ತಿವೆ, ನಿನ್ನೆಯೂ ಬಂತು. ಆರಾಮಾಗಿದ್ದೇನೆ, ಜ್ವರ ತೊಂಬತ್ತೊಂಬತ್ತು ದಾಟುವುದಿಲ್ಲ, ಹಾಲು ಕುಡಿಯುತ್ತಿದ್ದೇನೆ, ಅಮ್ಮ ಚಿಂತೆ ಮಾಡಬಾರದು ಎಂದು ನೀನು ಬರೆದದ್ದನ್ನು ನಿನ್ನ ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಕೊಟ್ರಮ್ಮ ಅದನ್ನು ಮಡಿಚಿ ದೇವರ ಗೂಡಿನಲ್ಲಿ ಸೇರಿಸಿದಳು. ಆ ಗೂಡಿನಲ್ಲಿ ಈಗ ನಿನ್ನ ಕಾಗದಗಳೇ ತುಂಬಿಕೊಂಡು ವಿಭೂತಿಗಟ್ಟಿಗೆ ಜಾಗವಿಲ್ಲ. ಎಮ್ಮೆ ಈದಿದೆ, ಹೆಣ್ಣುಕರು, ಹಣೆಯ ಮೇಲೆ ಬಿಳಿ ಚುಕ್ಕೆ. ಇದನ್ನು ಹಿಂದಿನ ಮೂರು ಕಾಗದಗಳಲ್ಲಿಯೂ ಬರೆದಿದ್ದೆ. ಕರುವಿಗೆ ನೀನೇ ಹೆಸರಿಡಬೇಕೆಂದು ನಿನ್ನ ಅಮ್ಮ ಕಾಯುತ್ತಿದ್ದಾಳೆ. ನಿನ್ನ ಗಂಡನ ಮನೆಯವರು ಸಿ. ಬೆಳಗಲ್ಲಿನಿಂದ ಈ ಕಡೆ ಬಂದಿಲ್ಲ. ನಾನೂ ಹೋಗಿಲ್ಲ. ಆ ಮಾತು ಬೇಡ.

ಓದಿದರೆ ನಿನ್ನ ಕಣ್ಣು ಸೋಲುತ್ತವೆ, ಅದಕ್ಕೆ ನಮ್ಮ ಕಾಗದಗಳನ್ನು ಆಯಾ ಲಿಂಗಕ್ಕನೇ ಮಂಚದ ಪಕ್ಕ ಕುಳಿತು ಗಟ್ಟಿಯಾಗಿ ಓದಿ ಹೇಳುತ್ತಾಳೆ, ನೀನು ಬರೆದದ್ದನ್ನು ಅಂಚೆಗೆ ಹಾಕುವವಳೂ ಆಕೆಯೇ ಎಂದು ಸಂಕ್ರಾಂತಿಯ ಹೊತ್ತಿಗೆ ನೀನೇ ತಿಳಿಸಿದ್ದೆ. ಆಕೆ ಗೋನೆಗಂಡ್ಲದವಳು ಎಂದು ಕೇಳಿ ಸಂತೋಷವಾಯಿತು. ನಾನೂ ಅದೇ ಊರಿನಲ್ಲಿ ಬಾಡಿಗೆ ಬಂಡಿ ಹೊಡೆದು ಮೇಲೆ ಬಂದವನು, ನನ್ನ ಮಾತಿನ ವರಸೆ ಆಕೆಗೆ ತಿಳಿಯುತ್ತದೆ. ನಾನು ನಗೆಮಾತು ಬರೆದ ಕಡೆ ಓಡದೆ ಸ್ವಲ್ಪ ನಿಲ್ಲಬೇಕೆಂದು ಆಕೆಗೆ ಹೇಳು.

ಈಗ ನಮ್ಮ ಹಸಿರು ಮೋಟಾರಿನ ಸುದ್ದಿ. ಆಸ್ಪತ್ರೆಗೆ ಹೋಗುವಾಗ ರೈಲಿನಲ್ಲಿ ನಿನ್ನ ಕೆಮ್ಮು ಕೇಳಿ ಎದುರು ಕುಳಿತವರು ಗಂಟುಮೂಟೆ ಎತ್ತಿಕೊಂಡು ಬೇರೆ ಡಬ್ಬಿಗೆ ಹೋದರಲ್ಲ, ನೀನು ಗುಂತಕಲ್ಲಿನಿಂದ ಕದಿರಿಯವರೆಗೆ ಕಿಟಕಿಗೆ ಮುಖ ಮಾಡಿಯೇ ಕುಳಿತಿದ್ದೆ. ಮಗಳನ್ನು ಮತ್ತೆ ರೈಲು ಹತ್ತಿಸುವುದಿಲ್ಲ, ಯುಗಾದಿಗೆ ನಮ್ಮ ಮೋಟಾರಿನಲ್ಲೇ ಮಲಗಿಸಿಕೊಂಡು ಬರುತ್ತೇನೆ ಎಂದು ಅಂದೇ ಅಂದುಕೊಂಡೆ. ಡಾಕ್ಟರು ಯುಗಾದಿಯ ತನಕ ಯಾರೂ ಬರಕೂಡದು, ಬಂದರೆ ರೋಗಿಗೆ ಜ್ವರ ಏರುತ್ತದೆ ಎಂದಿದ್ದರಿಂದ ಕೈಯಲ್ಲಿ ದಿನಗಳೂ ಇದ್ದವು. ಪೆಟ್ರೋಲಿನ ಕೂಪನ್ನುಗಳನ್ನು ನಾಲ್ಕು ತಿಂಗಳಿನಿಂದ ಉಳಿಸಿಕೊಂಡು ಬಂದೆ. ನಮ್ಮ ಹತ್ತಿ ಗಿರಣಿಗೆ ನಡೆದೇ ಹೋಗುತ್ತೇನೆ. ಉರುಕುಂದಪ್ಪನಿಗೆ ಬಂಡಿಯ ಕಾಲ ಮತ್ತೆ ಬಂತು ಎಂದು ಹತ್ತಿ ಬಜಾರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಹತ್ತಿ ಬರುವ ತನಕ ಅವರಿಗೂ ಬೇರೆ ಕೆಲಸವೇನಿದೆ?

ಹೊರಡುವ ಮುಂಚೆ ಒಮ್ಮೆ ನೋಡಲಿ ಎಂದು ಗಿರಣಿಯ ಮಿಸ್ತ್ರಿ ಮಾರೆಣ್ಣನನ್ನು ಕರೆಸಿದೆ. ಆತ ಎಂಜಿನ್ ತಿರುವಿ, ಕೇಳಿ, ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಕುಳಿತು ಎದುರಿನ ಹಲಗೆಯನ್ನು ನೋಡುತ್ತಾ ಉಳಿದುಬಿಟ್ಟ. ನಿನ್ನ ಎಣ್ಣೆ ಗಡಿಯಾರ ಅಲ್ಲಿದೆಯಲ್ಲ, ಒಂಬತ್ತು ವರ್ಷದವಳಾಗಿದ್ದಾಗ ನನ್ನ ಪಕ್ಕ ಕುಳಿತು ಎಮ್ಮಿಗನೂರಿನ ದಾರಿಯುದ್ದಕ್ಕೂ "ಅಪ್ಪಾ, ಮೂವತ್ತು, ಇನ್ನೂ ಮೂವತ್ತು" ಎಂದು ಕೂಗುತ್ತಿದ್ದೆಯಲ್ಲ, ಅದೇ. ಎಂಜಿನ್ನಿನೊಳಗೆ ಎಣ್ಣೆ ಎಷ್ಟು ಜೋರಿನಿಂದ ಹರಿಯುತ್ತಿದೆ ಎಂದು ತೋರಿಸುವ ಮೀಟರು ಅದು. ಎಣ್ಣೆ ಅಲ್ಲಿಗೆ ಒಂದು ಸಣ್ಣ ತಾಮ್ರದ ಪೈಪಿನಲ್ಲಿ ಬರುತ್ತದೆ. ಮಾರೆಣ್ಣ ಅದನ್ನು ಬೆರಳಿನಿಂದ ತಟ್ಟಿ, "ಧಣೀ, ಎಂಜಿನ್ ನಿಂತೈತಿ, ಮುಳ್ಳು ಮಾತ್ರ ಮೂವತ್ತಕ್ಕ ಐತಲ್ರಿ. ಇದು ಎಷ್ಟ ದಿನದಿಂದ ಅಬದ್ಧ ಹೇಳಾಕತ್ತೈತೋ ಏನೋ" ಎಂದ.

ನನಗೆ ಗೇಟಿನ ಗುಮಾಸ್ತ ಭೀಮಲಿಂಗಪ್ಪ ನೆನಪಾದ. ದಿನಾ ಎಷ್ಟು ಹತ್ತಿ ಬಂಡಿ ಒಳಗೆ ಬಂದವು ಎಂದು ಬರೆಯುವ ಪುಸ್ತಕವನ್ನು ಆತ ಶನಿವಾರ ಒಂದೇ ಸಲ ಕುಳಿತು ಆರು ದಿನಕ್ಕೂ ಬರೆದಿದ್ದ. ನಾನು ಹಿಡಿದಾಗ ನೀನು ನನ್ನ ಗದ್ದಿಗೆಯ ಪಕ್ಕ ಪುಟಾಣಿ ತಿನ್ನುತ್ತಾ ಕುಳಿತಿದ್ದೆ, ಹೇಗೆ ತಿಳಿಯಿತು ಅಪ್ಪಾ ಎಂದು ಕೇಳಿದೆ. ಸೋಮವಾರದ ಕೈ ಬೇರೆ, ಶನಿವಾರದ ಕೈ ಬೇರೆ ಇರುತ್ತದೆ ಮಗಳೇ, ಒಂದು ದಿನ ನಿಬ್ಬು ಮೊಂಡಾಗಿರುತ್ತದೆ, ಒಂದು ದಿನ ಶಾಯಿ ನೀರಾಗಿರುತ್ತದೆ, ಒಂದು ದಿನ ಹೆಂಡತಿಯ ಜೊತೆ ಜಗಳವಾಗಿರುತ್ತದೆ, ಆರು ದಿನವೂ ಒಂದೇ ಸಮ ಇದ್ದರೆ ನಂಬಬಾರದು ಎಂದು ಹೇಳಿಕೊಟ್ಟೆ. ಹಾಗೆ ಹೇಳಿಕೊಟ್ಟ ನಾನೇ ಇಲ್ಲಿ ವರ್ಷಗಟ್ಟಲೆ ಒಂದೇ ಕಡೆ ನಿಂತ ಮುಳ್ಳನ್ನು ನೋಡಿ, ಮೋಟಾರು ಗಟ್ಟಿಯಾಗಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಪೈಪು ಬಿಚ್ಚಿದರೆ ಒಳಗೆ ಕಾಡಿಗೆಯಂಥ ಕರೀ ಜಿಡ್ಡು ಕಟ್ಟಿಕೊಂಡು ಕಲ್ಲಾಗಿತ್ತು. ಜಿಡ್ಡಿನ ಆಚೆ ಮೀಟರಿನ ಕಡೆಗೆ ಸಿಕ್ಕಿಕೊಂಡ ಎಣ್ಣೆ ಮುಳ್ಳನ್ನು ಹಾಗೇ ಎತ್ತಿ ಹಿಡಿದಿತ್ತಂತೆ. ಹೊಸ ಪೈಪಿಗೆ ಮದರಾಸಿಗೆ ಬರೆದೆ. ಯುದ್ಧ ಮುಗಿಯುವ ತನಕ ಇಲ್ಲ ಎಂದು ಬಂತು. ಮಾರೆಣ್ಣ ಗಿರಣಿಯ ಹಳೆ ಸಾಮಾನಿನಲ್ಲಿ ಒಂದು ತುಂಡು ತಾಮ್ರದ ಪೈಪು ಹುಡುಕಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದ. ಕಬ್ಬಿಣವಾದರೆ ಹಾಗೆ ಮಾಡಿದಾಗ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಹಗ್ಗದ ಹಾಗೆ ಬಾಗಿತು. ನೋಡಿ ನನಗೆ ಸೋಜಿಗವಾಯಿತು. ಅದನ್ನು ನಡುವೆ ಬಳೆಯ ಹಾಗೆ ಒಂದು ಸುತ್ತು ಸುತ್ತಲು ಹೊರಟ. ನಾನು ಬಿಡಲಿಲ್ಲ. ಇಲ್ಲಿಂದ ಅಲ್ಲಿಗೆ ಹೋಗುವುದಕ್ಕೆ ಊರು ಸುತ್ತುವುದೇಕೆ, ನೆಟ್ಟಗೆ ಎಳೆ, ಉಳಿದ ತಾಮ್ರ ಬೇರೆಯದಕ್ಕೆ ಆಗುತ್ತದೆ ಎಂದೆ. "ಎಂಜಿನ್ ನಡಗ್ತೈತ್ರಿ, ಮೀಟರು ನಡಗಂಗಿಲ್ಲ. ಎರಡರ ನಡುವ ಇರೋದಕ್ಕ ಒಂದು ಸುತ್ತು ಸಡಿಲು ಬೇಕ್ರಿ" ಎಂದ. ಬಾಯಿ ನನಗೇ ಹೆಚ್ಚಲ್ಲವೆ, ನೆಟ್ಟಗೆ ಹಾಕಿಸಿದೆ. ಉರುಕುಂದದ ದಾರಿಯಲ್ಲಿ ಮೂರನೆಯ ಮೈಲಿಗೆ ಪೈಪು ಪಟ್ಟನೆ ಮುರಿದು ಕಾದ ಎಣ್ಣೆ ನನ್ನ ಎದೆಯಿಂದ ಪಾದದ ತನಕ ಇಳಿಯಿತು. ಹೊಸ ಧೋತರ. ಹಿಂದೆ ಕುಳಿತ ಮಾರೆಣ್ಣ ನಗಲಿಲ್ಲ, ಅದೇ ಹೆಚ್ಚು ಉರಿಯಿತು. ಮನೆಗೆ ಬಂದರೆ ನಿನ್ನ ಅಮ್ಮ ಬಾಗಿಲಲ್ಲೇ ನಿಲ್ಲಿಸಿ, "ಎಣ್ಣಿ ಹಚ್ಚಿ ಎರಕೊಳ್ಳಾಕ ಮನ್ಯಾಗ ಬಚ್ಚಲಿಲ್ಲೇನ್ರಿ, ಉರುಕುಂದದ ದಾರ್ಯಾಗ ಯಾಕ ಹಚ್ಚಿಸ್ಕೊಂಡ್ರಿ?" ಎಂದಳು. ಲಿಂಗಕ್ಕಾ, ಇಲ್ಲಿ ನಿಲ್ಲಬೇಕು. ಶಾಂತಾ, ನೀನು ಆಸ್ಪತ್ರೆಗೆ ಹೋದ ಮೇಲೆ ನಿನ್ನ ಅಮ್ಮ ನಕ್ಕದ್ದು ಅದೊಂದೇ ಸಲ.

ಎರಡನೆಯ ಸಲ ನಾನು ಅಡ್ಡ ಬರಲಿಲ್ಲ. ಮಾರೆಣ್ಣ ಸುತ್ತು ಹಾಕಿ, ನಟ್ಟು ಬಿಗಿದು, ಮೊನ್ನೆ ಬುಧವಾರ ಹತ್ತು ಗಂಟೆಗೆ ಎಂಜಿನ್ ಎಬ್ಬಿಸಿದ. ಮುಳ್ಳು ಇಪ್ಪತ್ತಕ್ಕೆ ಏರಿತು. ಎಂಜಿನ್ ಕಾದಂತೆ ಹದಿನೈದಾಯಿತು, ಹತ್ತಾಯಿತು, ಐದಕ್ಕೆ ಬಂದು ನಡುಗುತ್ತಾ ನಿಂತಿತು. ಪೈಪು ಸರಿಯಾಗಿ ಕೂತಿಲ್ಲ ಎಂದೆ. ಮಾರೆಣ್ಣ ತಲೆ ಅಲ್ಲಾಡಿಸಿ, "ಪೈಪು ಸರಿ ಐತ್ರಿ. ಈಗ ಮುಳ್ಳು ನಿಜಾ ಹೇಳಾಕತ್ತೈತಿ. ಒಳಗ ಬೇರಿಂಗು ಸವದಾವ್ರಿ, ಎಣ್ಣಿ ಜೋರು ನಿಲ್ಲಂಗಿಲ್ಲ. ಎಮ್ಮಿಗನೂರಿಗೆ ಮೆಲ್ಲಕ ಹೋಗಿ ಬರಬಹುದು, ಕದಿರಿ ದಾಟಂಗಿಲ್ಲ" ಎಂದ. ಬೇರಿಂಗು ಹಾಕು ಎಂದೆ. ಎಲ್ಲಿಂದ ತರಲಿ ಎಂದ. ಮದರಾಸು ಎಂದೆ, ಬೊಂಬಾಯಿ ಎಂದೆ. ಆತ ಕೈ ಒರೆಸಿಕೊಳ್ಳತೊಡಗಿದ. ಕೊನೆಗೆ ನನ್ನ ಬಾಯಿಂದ, ಹಾಗಾದರೆ ಆ ಹಳೇ ಪೈಪನ್ನೇ ಹಾಕಿಬಿಡು ಎಂದು ಬಂತು. "ಹಾಕ್ತೀನ್ರಿ ಧಣಿ. ಮುಳ್ಳು ಏಳತೈತಿ, ಎಣ್ಣಿ ಏಳಂಗಿಲ್ಲ" ಎಂದ. ನಾನು ಎದ್ದು ಮನೆಗೆ ಬಂದೆ.

ಆದ್ದರಿಂದ ಯುಗಾದಿಗೆ ಮೋಟಾರು ಬರುವುದು ಅನುಮಾನ, ತಾಯಿ. ಬೇರೆ ಯಾರದಾದರೂ ಗಾಡಿ ಕೇಳುತ್ತೇನೆ. ಈಗಾಗಲೇ ಕೇಳಿದ ಇಬ್ಬರೂ ಯಾರು ಕೂರುವವರು ಎಂದು ಮೊದಲು ಕೇಳಿ, ಆಮೇಲೆ ಪೆಟ್ರೋಲಿಲ್ಲ ಎಂದರು. ನೀನು ಅದಕ್ಕೆ ಬೇಸರ ಮಾಡಿಕೊಳ್ಳಬೇಡ. ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಗಾಳಿ ಚೆನ್ನಾಗಿ ಆಡಲಿ ಎಂದು ಹಿತ್ತಿಲ ಗೋಡೆಗೆ ಇನ್ನೊಂದು ಕಿಟಕಿ ಒಡೆಸಿದ್ದೇನೆ. ಕರು ಅಲ್ಲಿಂದ ಕಾಣುತ್ತದೆ.

ಅಮ್ಮ ತನ್ನ ಆಶೀರ್ವಾದ ಬರೆಯಲು ಹೇಳಿದ್ದಾಳೆ. ಹಾಲು ಬಿಡಬೇಡ ಎಂದೂ ಹೇಳಿದ್ದಾಳೆ. ಈರಣ್ಣಸ್ವಾಮಿ ನಿನ್ನನ್ನು ಕಾಪಾಡಲಿ.

ನಿನ್ನ ಅಪ್ಪ,
ಉರುಕುಂದಪ್ಪ

ತಾಜಾ ಕಲಂ: ಲಿಂಗಕ್ಕಾ, ಇಲ್ಲಿಂದ ಮುಂದಕ್ಕೆ ಗಟ್ಟಿಯಾಗಿ ಓದಬೇಡಿರಿ. ಇದು ನಿಮಗೆ. ಮುಳ್ಳು ಐದಕ್ಕೆ ಇಳಿದ ದಿನ ಮನೆಗೆ ಬಂದು ದೇವರ ಗೂಡಿನಿಂದ ಶಾಂತಾಳ ಕೊನೆಯ ಐದು ಕಾಗದ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿದೆ. ನಿನ್ನೆ ಬಂದ ಆರನೆಯದನ್ನೂ ಇಟ್ಟು ನೋಡಿದೆ. ತಾರೀಖು ಆರೂ ಬೇರೆ ಬೇರೆ, ಶಾಯಿ ಒಂದೇ, ನಿಬ್ಬು ಒಂದೇ, ಬರಹ ವಾಲಿದ್ದೂ ಒಂದೇ ಸಮ. ಆರನ್ನೂ ಅವಳು ಒಂದೇ ಸಲ ಕುಳಿತು ಬರೆದಿದ್ದಾಳೆ. ಕೊನೆಕೊನೆಗೆ ಕೈ ಸೋತು ಅಕ್ಷರಗಳು ದೊಡ್ಡವಾಗಿವೆ. ನೀವು ವಾರಕ್ಕೊಂದರಂತೆ ಹಾಕುತ್ತಿದ್ದೀರಿ. ಕರುವಿನ ಹೆಸರು ಇದಕ್ಕೇ ಬಂದಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಅವಳು ಕೇಳಿಕೊಂಡಿರುತ್ತಾಳೆ, ನೀವು ಮಾತು ಉಳಿಸಿದ್ದೀರಿ. ಇದನ್ನು ಕೇಳಲು ಮಂಚದ ಮೇಲೆ ಅವಳು ಇದ್ದಾಳೆಯೇ ಎಂಬುದು ನನಗೆ ತಿಳಿಯದು. ಎರಡು ಸಲ ಸ್ಟೇಷನ್ನಿನ ತನಕ ಹೋಗಿ ಟಿಕೇಟು ಕೊಳ್ಳದೆ ಹಿಂದಿರುಗಿದ್ದೇನೆ. ಒಂದು ಕಾರ್ಡಿನಲ್ಲಿ ಇವತ್ತಿನ ಜ್ವರದ ಅಂಕಿ ಮಾತ್ರ ಬರೆದು ಹಾಕಿರಿ, ಎಷ್ಟಿದ್ದರೂ ಸರಿ, ಅಂದಿನ ರೈಲಿಗೇ ಹೊರಡುತ್ತೇನೆ. ಬರೆಯಲು ಅಂಕಿಯೇ ಇಲ್ಲದಿದ್ದರೆ ಖಾಲಿ ಕಾರ್ಡು ಹಾಕಿರಿ. ಕಾರ್ಡು ಗಿರಣಿಯ ವಿಳಾಸಕ್ಕೆ ಬರಲಿ. ಅವಳು ಬರೆದಿಟ್ಟ ಕಾಗದಗಳು ನಿಮ್ಮ ಹತ್ತಿರ ಇನ್ನೂ ಉಳಿದಿದ್ದರೆ ಅವುಗಳನ್ನು ಮನೆಗೇ ಹಾಕುತ್ತಿರಿ, ಗುರುವಾರ ತಪ್ಪಿಸಬೇಡಿರಿ. ಅಂಚೆಯವನು ಬರುವ ಹೊತ್ತಿಗೆ ಕೊಟ್ರಮ್ಮ ಬಾಗಿಲಲ್ಲಿ ನಿಂತಿರುತ್ತಾಳೆ.